ಕುಂದಾಪುರ ಸೀಮೆಯ ರೇಡಿಯೊ: ಕೇಳುಗರ ಚರಿತ್ರೆ

ಉಡುಪಿ ಜಿಲ್ಲೆಯ ಉತ್ತರ ಭಾಗದ ಬ್ರಹ್ಮಾವರ, ಕುಂದಾಪುರ, ಬೈಂದೂರು ತಾಲ್ಲೂಕುಗಳು ಅರಬ್ಬೀ ಸಮುದ್ರಕ್ಕೂ ಪಶ್ಚಿಮ ಘಟ್ಟಕ್ಕೂ ನಡುವಿನ ಕಿರಿದಾದ ಪಟ್ಟಿ. ಹಿಂದೆ ಬೈಂದೂರು ಕುಂದಾಪುರ ತಾಲ್ಲೂಕಿನಲ್ಲಿತ್ತು, ಬ್ರಹ್ಮಾವರ ಉಡುಪಿ ತಾಲ್ಲೂಕಿನಲ್ಲಿತ್ತು. 2018ರಲ್ಲಿ ಇವೆರಡೂ ಸ್ವತಂತ್ರ ತಾಲ್ಲೂಕುಗಳಾದವು. ಈ ಸೀಮೆಯ ರೇಡಿಯೊ ಚರಿತ್ರೆ ಮುಖ್ಯವಾಗಿ ಕೇಳುಗರ ಚರಿತ್ರೆ. ಕಾರ್ಯಕ್ರಮ ತಯಾರಾಗುವ ಸ್ಟುಡಿಯೊ ಬಹುಕಾಲ ಮದರಾಸು, ಧಾರವಾಡ, ಬೆಂಗಳೂರು, ಭದ್ರಾವತಿ, ಮಂಗಳೂರುಗಳಲ್ಲಿತ್ತು. ಮಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಕಂಬ ಬ್ರಹ್ಮಾವರದಲ್ಲೇ ನಿಂತಿದ್ದರೂ ಅದರಿಂದ ಹೊರಡುವ ಮಾತು ರೂಪುಗೊಳ್ಳುತ್ತಿದ್ದುದು ಮಂಗಳೂರಿನಲ್ಲಿ. ಈ ನೆಲದ ದನಿ ಇಲ್ಲಿಯದೇ ಆಗಿ ಹರಡಿದ್ದು ಮೊದಲು ಯಕ್ಷಗಾನದ ಕ್ಯಾಸೆಟ್ಟುಗಳಿಂದ, ತೀರ ಈಚೆಗೆ ಸಮುದಾಯ ಬಾನುಲಿಯಿಂದ.

ಮದರಾಸಿನ ಕಾಲ

1956ರವರೆಗೆ ಕುಂದಾಪುರ ಸೀಮೆ ಮದರಾಸು ಆಡಳಿತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಶಿರೂರಿನಿಂದ ಆಚೆಗೆ, ಭಟ್ಕಳದಿಂದ ಮೊದಲಾಗಿ, ಉತ್ತರ ಕನ್ನಡ ಜಿಲ್ಲೆ. ಅದು ಮುಂಬಯಿ ಆಡಳಿತದ್ದು. ಮದರಾಸಿನಲ್ಲಿ 1924ರಲ್ಲಿ ಹವ್ಯಾಸಿಗಳ ರೇಡಿಯೊ ಕ್ಲಬ್ ಹುಟ್ಟಿತು, 1930ರಲ್ಲಿ ನಗರಸಭೆಯೇ ಪ್ರಸಾರ ಆರಂಭಿಸಿತು, 1938ರ ಜೂನ್ 16ರಂದು ಆಲ್ ಇಂಡಿಯಾ ರೇಡಿಯೊ ಕೇಂದ್ರ ತೆರೆಯಿತು. ಕನ್ನಡ ನಾಡಿನ ಮೊದಲ ಪ್ರಸಾರ ಮೈಸೂರಿನದು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆಯಲ್ಲಿ ಅದನ್ನು ಆರಂಭಿಸಿದರು. 30 ವ್ಯಾಟ್ ಶಕ್ತಿಯ ಆ ಟ್ರಾನ್ಸ್‌ಮಿಟರಿನ ದನಿ ಘಟ್ಟ ಇಳಿದು ಕರಾವಳಿ ತಲುಪುವಂತಿರಲಿಲ್ಲ; ಆದರೆ ಅದಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ಇಡೀ ಬಾನುಲಿ ಜಾಲಕ್ಕೆ ಅಂಟಿತು.

ಸ್ವಾತಂತ್ರ್ಯಪೂರ್ವದಲ್ಲಿ ಕರಾವಳಿಯ ಹಳ್ಳಿಗಳಲ್ಲಿ ರೇಡಿಯೊ ಅಪರೂಪದ ವಸ್ತು. ವಾಲ್ವಿನ ಪೆಟ್ಟಿಗೆಗೆ ವಿದ್ಯುತ್ ಬೇಕಿತ್ತು, ಇಲ್ಲವೇ ಭಾರವಾದ ಬ್ಯಾಟರಿ. ಮನೆಯ ಮಾಡಿನಿಂದ ತೆಂಗಿನ ಮರದವರೆಗೆ ಏರಿಯಲ್ ತಂತಿ ಎಳೆಯಬೇಕಿತ್ತು. ಜತೆಗೆ ಅಂಚೆ ಕಚೇರಿಯಲ್ಲಿ ವರ್ಷವರ್ಷ ಹಣ ಕಟ್ಟಿ ಪರವಾನಗಿ ನವೀಕರಿಸಬೇಕಿತ್ತು. ಹೀಗಾಗಿ ರೇಡಿಯೊ ಇದ್ದುದು ಪೇಟೆಯ ವರ್ತಕರ, ವಕೀಲರ, ವೈದ್ಯರ ಮನೆಗಳಲ್ಲಿ ಮತ್ತು ಘಟ್ಟದ ಬುಡದ ಕೆಲವು ದೊಡ್ಡ ಜಮೀನುದಾರರ ಚಾವಡಿಗಳಲ್ಲಿ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಸುದ್ದಿಯ ಹೊತ್ತಿಗೆ ಇಂಥ ಮನೆಗಳ ಜಗಲಿಯಲ್ಲಿ ಜನ ಸೇರುವುದು ನಾಡಿನೆಲ್ಲೆಡೆ ಕಂಡುಬಂದ ರೂಢಿ. ಒಂದು ಪೆಟ್ಟಿಗೆ, ಹತ್ತಾರು ಕಿವಿ ಎಂಬ ಈ ವ್ಯವಸ್ಥೆ ಟ್ರಾನ್ಸಿಸ್ಟರ್ ಬರುವವರೆಗೂ ಮುಂದುವರಿಯಿತು.

1950ರ ದಶಕದಲ್ಲಿ ಸರಕಾರ ಗ್ರಾಮಗಳಿಗೆ ಸಮುದಾಯ ರೇಡಿಯೊ ಪೆಟ್ಟಿಗೆಗಳನ್ನು ರಿಯಾಯಿತಿಯಲ್ಲಿ ಹಂಚಿತು. ಪಂಚಾಯತ್ ಕಟ್ಟಡದಲ್ಲೋ ಶಾಲೆಯಲ್ಲೋ ಇಟ್ಟ ಪೆಟ್ಟಿಗೆಗೆ ಧ್ವನಿವರ್ಧಕ ಜೋಡಿಸಿ ಸಂಜೆ ಹೊತ್ತು ಸುದ್ದಿ ಮತ್ತು ಗ್ರಾಮೀಣ ಕಾರ್ಯಕ್ರಮ ಕೇಳಿಸುವುದು ಯೋಜನೆಯ ರೀತಿ. 1956ರಲ್ಲಿ ಯುನೆಸ್ಕೊ ನೆರವಿನಿಂದ ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ನಡೆದ ರೇಡಿಯೊ ಗ್ರಾಮ ವೇದಿಕೆಯ ಪ್ರಯೋಗ ದೇಶಕ್ಕೆಲ್ಲ ಮಾದರಿಯಾಯಿತು. ಕೇಳುವುದರ ಜತೆಗೆ ಕೇಳಿದ್ದನ್ನು ಕೂತು ಚರ್ಚಿಸಬೇಕು ಎಂಬುದು ಅದರ ತಿರುಳು.

ಘಟ್ಟದಾಚೆಯ ಕೇಂದ್ರಗಳು

ಕನ್ನಡದಲ್ಲಿ ನಿತ್ಯದ ಪ್ರಸಾರ ಕರಾವಳಿಯ ಕೇಳುಗರಿಗೆ ಸಿಗತೊಡಗಿದ್ದು ಧಾರವಾಡ ಕೇಂದ್ರದಿಂದ. ಅದು 1950ರ ಜನವರಿ 8ರಂದು ಆರಂಭವಾಯಿತು. 1955ರ ನವೆಂಬರ್ 2ರಂದು ಬೆಂಗಳೂರು ಕೇಂದ್ರ ತೆರೆಯಿತು. ಮರುವರ್ಷ ರಾಜ್ಯಗಳ ಪುನರ್‌ವಿಂಗಡಣೆಯಾಗಿ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಗೆ ಇಲ್ಲಿಯ ಕೇಳುಗರ ಕಿವಿ ಮದರಾಸಿನಿಂದ ಧಾರವಾಡ, ಬೆಂಗಳೂರುಗಳತ್ತ ತಿರುಗಿತು. 1965ರಲ್ಲಿ ತೆರೆದ ಭದ್ರಾವತಿ ಕೇಂದ್ರ ಇನ್ನಷ್ಟು ಹತ್ತಿರದ್ದು. ನಕ್ಷೆಯಲ್ಲಿ ಕುಂದಾಪುರಕ್ಕೆ ಅದು ಘಟ್ಟದ ಬೆನ್ನಿನಾಚೆಯ ನೆರೆ.

ಆದರೆ ಆ ಘಟ್ಟವೇ ತೊಡಕು. ಮಧ್ಯಮ ತರಂಗ ಹಗಲಿನಲ್ಲಿ ನೆಲಕ್ಕೆ ಅಂಟಿಕೊಂಡು ಸಾಗುತ್ತದೆ. ಒದ್ದೆ ನೆಲ ಮತ್ತು ಉಪ್ಪುನೀರಿನ ಮೇಲೆ ಅದು ದೂರ ಹೋಗುತ್ತದೆ. ಕಲ್ಲುಬಂಡೆಯ ಬೆಟ್ಟಸಾಲಿನಲ್ಲಿ ಬೇಗ ಸೊರಗುತ್ತದೆ. ಕತ್ತಲಾದ ಮೇಲೆ ವಾತಾವರಣದ ಮೇಲಿನ ವಿದ್ಯುತ್ ಪದರಗಳು ಅದೇ ತರಂಗವನ್ನು ಕನ್ನಡಿಯಂತೆ ಕೆಳಕ್ಕೆ ಮರಳಿಸುವುದರಿಂದ ನೂರಾರು ಕಿಲೋಮೀಟರ್ ದೂರದ ಕೇಂದ್ರಗಳೂ ಕೇಳುತ್ತವೆ. ಹೀಗಾಗಿ ಈ ಸೀಮೆಯಲ್ಲಿ ಹಗಲು ಕರಕರ ಸದ್ದಿನ ನಡುವೆ ಒಂದೆರಡು ಕೇಂದ್ರ ಹಿಡಿಯುವುದು ಕಷ್ಟವಾದರೆ, ರಾತ್ರಿ ಒಂದರ ಮೇಲೊಂದು ಬಂದು ಬೀಳುವ ಕೇಂದ್ರಗಳನ್ನು ಬೇರ್ಪಡಿಸುವುದು ಕಷ್ಟ. ಮುಳ್ಳನ್ನು ಕೂದಲೆಳೆಯಷ್ಟು ಸರಿಸುತ್ತ, ಪೆಟ್ಟಿಗೆಯನ್ನು ದಿಕ್ಕು ಬದಲಿಸಿ ಇಡುತ್ತ ಸ್ಟೇಶನ್ ಹಿಡಿಯುವುದು ಪ್ರತಿ ಮನೆಯಲ್ಲೂ ಒಬ್ಬರು ಕರಗತ ಮಾಡಿಕೊಂಡಿದ್ದ ಕೌಶಲವಾಗಿತ್ತು.

ಹ್ರಸ್ವ ತರಂಗಕ್ಕೆ ಘಟ್ಟದ ಅಡ್ಡಿಯಿರಲಿಲ್ಲ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿ ಚಿತ್ರಗೀತೆಗಳನ್ನು ದೂರವಿಟ್ಟಾಗ ಕೇಳುಗರು ರೇಡಿಯೊ ಸಿಲೋನಿನತ್ತ ಹೊರಳಿದರು. ಅದೇ ವರ್ಷದ ಕೊನೆಯಲ್ಲಿ ಅಲ್ಲಿ ಆರಂಭವಾದ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಭಾರತವಿಡೀ ಹಬ್ಬಿತು. ಸಿಲೋನ್ ಕೇಂದ್ರ ಹಿಂದಿ, ತಮಿಳುಗಳ ಜತೆಗೆ ಕನ್ನಡ ಚಿತ್ರಗೀತೆಗಳಿಗೂ ಸಮಯ ಕೊಡುತ್ತಿತ್ತು. ಅದಕ್ಕೆ ಉತ್ತರವಾಗಿ ಆಕಾಶವಾಣಿ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ತೆರೆಯಿತು. ಗಂಗೊಳ್ಳಿ, ಬಸ್ರೂರು, ಕುಂದಾಪುರದ ಕೊಂಕಣಿ ಮನೆಗಳಿಗೆ ಇನ್ನೊಂದು ಆಕರ್ಷಣೆ ಪಣಜಿ ಕೇಂದ್ರದ ಕೊಂಕಣಿ ಹಾಡುಗಳು.

ಟ್ರಾನ್ಸಿಸ್ಟರ್ ಮನೆಗೆ ಬಂದದ್ದು

1960ರ ದಶಕದಲ್ಲಿ ಟ್ರಾನ್ಸಿಸ್ಟರ್ ಬಂದು ರೇಡಿಯೊವನ್ನು ವಿದ್ಯುತ್ ತಂತಿಯಿಂದ ಬಿಡಿಸಿತು. ಮರ್ಫಿ, ಫಿಲಿಪ್ಸ್, ಬುಷ್ ಪೆಟ್ಟಿಗೆಗಳು ಚರ್ಮದ ಚೀಲ ತೊಟ್ಟು ಗೋಡೆಯ ಮೊಳೆಗೆ ನೇತುಬಿದ್ದವು. ಇವುಗಳಲ್ಲಿ ಬಹಳಷ್ಟನ್ನು ತಂದವರು ಊರು ಬಿಟ್ಟು ದುಡಿಯಲು ಹೋದವರು. ಮುಂಬಯಿ, ಬೆಂಗಳೂರುಗಳ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಕುಂದಾಪುರ ಕಡೆಯ ಹುಡುಗರು ಮಳೆಗಾಲಕ್ಕೋ ಹಬ್ಬಕ್ಕೋ ಊರಿಗೆ ಬರುವಾಗ ಟ್ರಾನ್ಸಿಸ್ಟರ್ ತರುವುದು ಸಂಪಾದನೆಯ ಗುರುತಾಯಿತು. 1970ರ ದಶಕದಿಂದ ಶಿರೂರು, ಗಂಗೊಳ್ಳಿ, ಕಂಡ್ಲೂರಿನಂಥ ಊರುಗಳಿಗೆ ಕೊಲ್ಲಿ ದೇಶಗಳಿಂದ ರೇಡಿಯೊ ಮತ್ತು ಟೇಪ್ ರೆಕಾರ್ಡರ್ ಒಟ್ಟಿಗಿದ್ದ ಜಪಾನಿನ ಟೂ-ಇನ್-ವನ್ ಪೆಟ್ಟಿಗೆಗಳು ಬರತೊಡಗಿದವು.

ಬಳಕೆಯಲ್ಲಿ ಜಿಪುಣತನ ಅನಿವಾರ್ಯವಾಗಿತ್ತು. ಶೆಲ್ಲುಗಳು ದುಬಾರಿ; ದನಿ ಕುಗ್ಗಿದಾಗ ಅವನ್ನು ಹೊರತೆಗೆದು ಬಿಸಿಲಿಗಿಟ್ಟು ಮತ್ತೆ ನಾಲ್ಕು ದಿನ ಓಡಿಸುತ್ತಿದ್ದರು. ಬೆಳಗಿನ ವಾರ್ತೆ, ಪ್ರದೇಶ ಸಮಾಚಾರ, ಸಂಜೆಯ ಒಂದು ಕಾರ್ಯಕ್ರಮ, ರಾತ್ರಿಯ ನಾಟಕ ಎಂದು ಮನೆಯ ಹಿರಿಯರು ಪಟ್ಟಿ ಮಾಡಿ ಅಷ್ಟಕ್ಕೇ ರೇಡಿಯೊ ಹಾಕುತ್ತಿದ್ದರು. ಮನೆಯಲ್ಲಿ ಬಳಸುವ ಪೆಟ್ಟಿಗೆಗೆ ವರ್ಷಕ್ಕೆ 15 ರೂಪಾಯಿಯ ಪರವಾನಗಿ ಶುಲ್ಕವಿತ್ತು. 1980ರ ದಶಕದಲ್ಲಿ ಆ ಪರವಾನಗಿ ಪದ್ಧತಿಯೇ ರದ್ದಾಯಿತು.

ಸುದ್ದಿಯ ಮಟ್ಟಿಗೆ ರೇಡಿಯೊಗೆ ಇಲ್ಲಿ ವಿಶೇಷ ಸ್ಥಾನವಿತ್ತು. ಮಣಿಪಾಲದಿಂದ ‘ಉದಯವಾಣಿ’ ಆರಂಭವಾದದ್ದು 1970ರ ಜನವರಿ 1ರಂದು. ಅದಕ್ಕೆ ಮೊದಲು ಘಟ್ಟದ ಬುಡದ ಊರುಗಳಿಗೆ ಪತ್ರಿಕೆ ತಲುಪುವಾಗ ಸುದ್ದಿ ಹಳತಾಗಿರುತ್ತಿತ್ತು. ಮಳೆಗಾಲದಲ್ಲಿ ಹೊಳೆ ತುಂಬಿದರೆ ದೋಣಿ ನಿಲ್ಲುತ್ತಿತ್ತು, ಪತ್ರಿಕೆಯೂ ನಿಲ್ಲುತ್ತಿತ್ತು. ದೆಹಲಿಯಿಂದ ಬರುತ್ತಿದ್ದ ಕನ್ನಡ ವಾರ್ತೆಯ ರಂಗರಾವ್, ಉಪೇಂದ್ರರಾವ್ ಅವರಂಥ ವಾಚಕರ ಹೆಸರುಗಳು ಮಂತ್ರಿಗಳ ಹೆಸರುಗಳಷ್ಟೇ ಪರಿಚಿತವಾಗಿದ್ದವು. 1962, 1965, 1971ರ ಯುದ್ಧಗಳು ಈ ಸೀಮೆಗೆ ತಲುಪಿದ್ದು ಬಹುಮಟ್ಟಿಗೆ ದನಿಯಾಗಿ. ವಾರ್ತೆಗೆ ಮೊದಲು ಬರುವ ‘ಪಿಪ್ ಪಿಪ್’ ಸಮಯಸೂಚನೆಗೆ ಗೋಡೆ ಗಡಿಯಾರವನ್ನು ಹೊಂದಿಸುವುದು, ಮಕ್ಕಳು ಶಾಲೆಗೆ ಹೊರಡುವ ಹೊತ್ತನ್ನು ಯಾವ ಹಾಡು ಬರುತ್ತಿದೆ ಎಂಬುದರಿಂದ ಅಂದಾಜಿಸುವುದು ನಿತ್ಯದ ಕ್ರಮವಾಯಿತು.

ಕೈಗೆ ಕೆಲಸ, ಕಿವಿಗೆ ಬಿಡುವು ಇರುವ ಕಸುಬುಗಳಲ್ಲಿ ರೇಡಿಯೊ ಹೆಚ್ಚು ಬೇರೂರಿತು. ಜಗಲಿಯಲ್ಲಿ ಮೊರವನ್ನು ಮಡಿಲಿಗಿಟ್ಟು ಬೀಡಿ ಕಟ್ಟುವ ಹೆಂಗಸರಿಗೆ ಅದು ಇಡೀ ಹಗಲಿನ ಸಂಗಾತಿ. ದರ್ಜಿ ಅಂಗಡಿ, ಕ್ಷೌರದಂಗಡಿ, ಚಾ ಹೋಟೆಲುಗಳಲ್ಲಿ ಗಿರಾಕಿಗಳೂ ಕೇಳುಗರಾದರು. ಚಿತ್ರಗೀತೆ ಕೋರಿ ಅಂಚೆಕಾರ್ಡ್ ಬರೆದು, ತಮ್ಮ ಹೆಸರನ್ನೂ ಊರನ್ನೂ ಉದ್ಘೋಷಕರು ಓದುವುದಕ್ಕೆ ವಾರಗಟ್ಟಲೆ ಕಾಯುವುದು ಯುವಜನರ ಹವ್ಯಾಸ. ಚಲನಚಿತ್ರದ ಸಂಭಾಷಣೆ, ಹಾಡುಗಳನ್ನು ದನಿಯಲ್ಲೇ ಕೇಳಿಸುವ ‘ಧ್ವನಿವಾಹಿನಿ’ ಟಾಕೀಸು ದೂರವಿದ್ದ ಹಳ್ಳಿಗಳಿಗೆ ಸಿನಿಮಾದ ಬದಲಿಯಾಗಿತ್ತು.

ಬ್ರಹ್ಮಾವರದ ಕಂಬ

ಆಕಾಶವಾಣಿ ಮಂಗಳೂರು ಕೇಂದ್ರ 1976ರ ಡಿಸೆಂಬರ್ 11ರಂದು ಆರಂಭವಾಯಿತು. ಸ್ಟುಡಿಯೊ ಮಂಗಳೂರಿನ ಕದ್ರಿಯಲ್ಲಿ. ಮಧ್ಯಮ ತರಂಗದ ಟ್ರಾನ್ಸ್‌ಮಿಟರ್ ಅಲ್ಲಿಂದ ಸುಮಾರು 70 ಕಿಲೋಮೀಟರ್ ಉತ್ತರಕ್ಕೆ ಬ್ರಹ್ಮಾವರದಲ್ಲಿ. ಅದರ ಕಂಪನಾಂಕ 1089 ಕಿಲೋಹರ್ಟ್ಸ್, ಎಂದರೆ ತರಂಗಾಂತರ ಸುಮಾರು 275 ಮೀಟರ್. ಶಕ್ತಿ 20 ಕಿಲೋವ್ಯಾಟ್. ಹೆದ್ದಾರಿಯ ಆ ಜಾಗವನ್ನು ಇಂದಿಗೂ ಜನ ಕರೆಯುವುದು ‘ಆಕಾಶವಾಣಿ’ ಎಂದೇ.

ಮಧ್ಯಮ ತರಂಗಕ್ಕೆ ಎತ್ತರದ ಗುಡ್ಡ ಬೇಕಾಗಿಲ್ಲ. ವಿಶಾಲವಾದ, ತೇವ ಹಿಡಿದಿಡುವ ಬಯಲು ಬೇಕು. 275 ಮೀಟರಿನ ತರಂಗಕ್ಕೆ ಕಾಲು ತರಂಗಾಂತರದ ಕಂಬವೆಂದರೂ ಸುಮಾರು 69 ಮೀಟರ್ ಎತ್ತರ. ಇಂಥ ಕಂಬದ ಬುಡದಿಂದ ನಾಲ್ಕೂ ದಿಕ್ಕಿಗೆ ತಾಮ್ರದ ತಂತಿಗಳನ್ನು ನೆಲದಡಿ ಹೂಳುತ್ತಾರೆ. ನೆಲವೂ ಆಂಟೆನಾದ ಅರ್ಧವಾಗಿ ಕೆಲಸ ಮಾಡುತ್ತದೆ. ಹೊಳೆ, ಗದ್ದೆ, ಹಿನ್ನೀರುಗಳ ಬ್ರಹ್ಮಾವರ ಇದಕ್ಕೆ ಒಗ್ಗುವ ಜಾಗ. ಸಮುದ್ರದ ಅಂಚಿನಲ್ಲಿ ಸಾಗುವ ತರಂಗ ಉತ್ತರಕ್ಕೆ ಬೈಂದೂರು, ಭಟ್ಕಳಗಳನ್ನೂ ದಕ್ಷಿಣಕ್ಕೆ ಮಂಗಳೂರು, ಕಾಸರಗೋಡು ಕಡೆಯನ್ನೂ ಮುಟ್ಟುತ್ತದೆ. ಕುಂದಾಪುರ ಸೀಮೆಯವರಿಗಂತೂ ಇದರಿಂದ ದೊಡ್ಡ ಬದಲಾವಣೆಯಾಯಿತು. ಅಲ್ಲಿಯವರೆಗೆ ಹಗಲಲ್ಲಿ ಹುಡುಕಿ ಹಿಡಿಯಬೇಕಿದ್ದ ಕನ್ನಡ ಪ್ರಸಾರ ಏರಿಯಲ್ ಇಲ್ಲದೆ, ಅಗ್ಗದ ಒಂದೇ ಬ್ಯಾಂಡಿನ ಪೆಟ್ಟಿಗೆಯಲ್ಲೂ ನಿಚ್ಚಳವಾಗಿ ಕೇಳತೊಡಗಿತು.

ಕಂಬ ನಿಂತದ್ದು ಒಂದು ಭಾಷಾ ಗಡಿಯ ಮೇಲೆ. ಬ್ರಹ್ಮಾವರದಿಂದ ದಕ್ಷಿಣಕ್ಕೆ ತುಳು ದಟ್ಟವಾಗುತ್ತದೆ, ಉತ್ತರಕ್ಕೆ ಕುಂದಾಪ್ರ ಕನ್ನಡ. ಮಂಗಳೂರು ಕೇಂದ್ರ ಕನ್ನಡದ ಜತೆಗೆ ತುಳು, ಕೊಂಕಣಿಗಳಲ್ಲೂ ಕಾರ್ಯಕ್ರಮ ಕೊಟ್ಟಿತು. ತುಳು ಮಾತನಾಡದ ಕೋಟ, ಕುಂದಾಪುರ, ಬೈಂದೂರಿನ ಕೇಳುಗರಿಗೆ ತುಳು ಹಾಡು, ಪಾಡ್ದನ, ನಾಟಕಗಳು ರೇಡಿಯೊ ಮೂಲಕವೇ ಪರಿಚಯವಾದವು. ಕುಂದಾಪ್ರ ಕನ್ನಡ ಮಾತ್ರ ಕನ್ನಡದೊಳಗಿನ ಆಡುನುಡಿಯೆಂದು ಎಣಿಕೆಯಾಗಿ, ತುಳು ಕೊಂಕಣಿಗಳಂತೆ ಪ್ರತ್ಯೇಕ ಸ್ಥಾನ ಪಡೆಯಲಿಲ್ಲ. ಅದು ರೇಡಿಯೊದಲ್ಲಿ ಕೇಳಿಬಂದದ್ದು ನಾಟಕದ ಪಾತ್ರವಾಗಿ, ಜಾನಪದ ಹಾಡಾಗಿ. ಸುದ್ದಿ, ಚಿಂತನ, ಭಾಷಣಗಳ ಶಿಷ್ಟ ಕನ್ನಡವೂ ಜಗಲಿಯ ಆಡುನುಡಿಯೂ ಒಂದೇ ಮನೆಯಲ್ಲಿ ಅಕ್ಕಪಕ್ಕ ಬದುಕಿದವು.

ಸಂಜೆಯ ಕೃಷಿರಂಗ ಇಲ್ಲಿ ಗಂಭೀರವಾಗಿ ಕೇಳಿಸಿಕೊಂಡ ಕಾರ್ಯಕ್ರಮ. ಬ್ರಹ್ಮಾವರದಲ್ಲಿ ಕೃಷಿ ಸಂಶೋಧನಾ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇರುವುದರಿಂದ ತಜ್ಞರು ಹತ್ತಿರದಲ್ಲೇ ಸಿಗುತ್ತಿದ್ದರು. ಭತ್ತದ ತಳಿ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ, ಗೇರು, ಮಲ್ಲಿಗೆ, ತೆಂಗು ಮುಂತಾದವು ಇಲ್ಲಿಯ ರೈತರ ವಿಷಯಗಳು. ಮೀನುಗಾರರಿಗೆ ಮುಖ್ಯವಾದದ್ದು ಹವಾಮಾನ ವರದಿ. ಗಂಗೊಳ್ಳಿ, ಕೋಡಿ, ಮರವಂತೆ, ಹಂಗಾರಕಟ್ಟೆಗಳ ದೋಣಿಗಳಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಟ್ರಾನ್ಸಿಸ್ಟರ್ ಸಾಮಾನ್ಯವಾಯಿತು. ಗಾಳಿಯ ವೇಗ, ಅಲೆಯ ಎತ್ತರ, ಕಡಲಿಗಿಳಿಯಬಾರದೆಂಬ ಎಚ್ಚರಿಕೆ ಇವೆಲ್ಲ ಪ್ರಸಾರದ ಮೂಲಕವೇ ತಲುಪುತ್ತಿದ್ದವು. ನೀರಿನ ಮೇಲೆ ಮಧ್ಯಮ ತರಂಗ ಚೆನ್ನಾಗಿ ಸಾಗುವುದರಿಂದ ದಡದಿಂದ ದೂರ ಹೋದ ದೋಣಿಗೂ ಬ್ರಹ್ಮಾವರದ ದನಿ ಕೇಳುತ್ತಿತ್ತು.

ಯಕ್ಷಗಾನವೂ ಧ್ವನಿಯೂ

ಕುಂದಾಪುರ ಸೀಮೆ ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ನೆಲೆ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ, ಕೋಟದ ಅಮೃತೇಶ್ವರಿ ಮುಂತಾದ ಮೇಳಗಳ ತಿರುಗಾಟ ನವೆಂಬರಿನಲ್ಲಿ ಆರಂಭವಾಗಿ ಮೇ ತಿಂಗಳಿಗೆ ಮುಗಿಯುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ಆಟವಿಲ್ಲ. ಆಗ ನಡೆಯುವುದು ವೇಷ, ಕುಣಿತಗಳಿಲ್ಲದ ತಾಳಮದ್ದಳೆ. ಭಾಗವತಿಕೆ, ಚೆಂಡೆ-ಮದ್ದಳೆ, ಅರ್ಥಗಾರಿಕೆಗಳಿಂದಲೇ ನಡೆಯುವ ಈ ಪ್ರಕಾರ ರೇಡಿಯೊಗೆ ಹೇಳಿ ಮಾಡಿಸಿದಂತಿತ್ತು. ಮಂಗಳೂರು ಕೇಂದ್ರದ ಯಕ್ಷಗಾನ ಪ್ರಸಾರಕ್ಕೆ ದಕ್ಷಿಣದ ತೆಂಕುತಿಟ್ಟು, ಬಡಗುತಿಟ್ಟು ಎರಡೂ ಕಡೆಯ ಕೇಳುಗರು ಇದ್ದರು.

ರೇಡಿಯೊ ಈ ಕಲೆಗೆ ಹೊಸ ಶಿಸ್ತು ಹೇರಿತು. ಬೆಳತನಕ ಹರಡುವ ಪ್ರಸಂಗ ಒಂದು ಗಂಟೆಗೋ ಅದಕ್ಕೂ ಕಡಿಮೆಗೋ ಇಳಿಯಬೇಕಾಯಿತು. ಪದ್ಯಗಳನ್ನು ಆರಿಸಬೇಕು, ಅರ್ಥವನ್ನು ಅಳೆದು ಹೇಳಬೇಕು, ಬಯಲಿಗಾಗಿ ಹುಟ್ಟಿದ ಚೆಂಡೆಯನ್ನು ಮೈಕಿನಿಂದ ದೂರವಿಟ್ಟು ಮಾತು ಮುಳುಗದಂತೆ ನೋಡಿಕೊಳ್ಳಬೇಕು. ಕಲಾವಿದರು ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾಗಿ ಶ್ರೇಣಿ ಪಡೆಯಬೇಕಿತ್ತು. ಆ ಶ್ರೇಣಿ ಮೇಳದ ಹೊರಗೂ ಮನ್ನಣೆ ತಂದುಕೊಟ್ಟಿತು. ಆದರೆ ಇಡೀ ರಾತ್ರಿಯ ಆಟದ ರುಚಿ ಹತ್ತಿದವರಿಗೆ ಒಂದು ಗಂಟೆ ಸಾಲುತ್ತಿರಲಿಲ್ಲ.

ಆ ಕೊರತೆಯನ್ನು ತುಂಬಿದ್ದು ಕ್ಯಾಸೆಟ್. 1980ರ ದಶಕದಲ್ಲಿ ಟೇಪ್ ರೆಕಾರ್ಡರ್ ಅಗ್ಗವಾದಾಗ ಅಭಿಮಾನಿಗಳು ರಂಗಸ್ಥಳದ ಬದಿಯಲ್ಲಿ, ಧ್ವನಿವರ್ಧಕದ ಎದುರಿನಲ್ಲಿ ಪೆಟ್ಟಿಗೆಯಿಟ್ಟು ಆಟವನ್ನೇ ಮುದ್ರಿಸಿಕೊಂಡರು. ಪೇಟೆಯ ಕ್ಯಾಸೆಟ್ ಅಂಗಡಿಗಳು ಅವನ್ನು ಪ್ರತಿಮಾಡಿ ಮಾರಿದವು. ಶೇಣಿ ಗೋಪಾಲಕೃಷ್ಣ ಭಟ್ಟರ, ಮಲ್ಪೆ ರಾಮದಾಸ ಸಾಮಗರ ಅರ್ಥಗಾರಿಕೆ ಮನೆಮನೆಯಲ್ಲಿ ಮತ್ತೆ ಮತ್ತೆ ಕೇಳಿಬಂತು. ಬಡಗಿನಲ್ಲಿ ಈ ಯುಗದ ದನಿ ಗುಂಡ್ಮಿಯ ಕಾಳಿಂಗ ನಾವಡರದು. ಸಾಲಿಗ್ರಾಮ ಮೇಳದ ಭಾಗವತರಾಗಿ, ‘ನಾಗಶ್ರೀ’ಯಂಥ ಪ್ರಸಂಗಗಳ ಕರ್ತೃವಾಗಿ ಅವರು ತರುಣ ಪ್ರೇಕ್ಷಕರನ್ನು ಟೆಂಟಿಗೆ ಎಳೆದರು. 1990ರ ಮೇ ತಿಂಗಳಲ್ಲಿ, ಮೂವತ್ತೆರಡು ತುಂಬುವ ಮೊದಲೇ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆ ಬಳಿಕ ಅವರ ಪದ್ಯಗಳು ಬದುಕಿದ್ದು ಕ್ಯಾಸೆಟ್ಟುಗಳಲ್ಲಿ. ಅವರನ್ನು ನೋಡದ ಪೀಳಿಗೆಯೂ ಅವರ ಶೈಲಿಯನ್ನು ಕೇಳಿಯೇ ಕಲಿಯಿತು. ಯಾವ ಕೇಂದ್ರದ ವೇಳಾಪಟ್ಟಿಗೂ ಒಳಗಾಗದೆ, ಇಲ್ಲಿಯವರೇ ಮುದ್ರಿಸಿ, ಪ್ರತಿಮಾಡಿ, ಕೇಳಿದ ಮೊದಲ ಶ್ರವ್ಯ ಮಾಧ್ಯಮ ಇದು. ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳ ಕೊಠಡಿಗಳಿಗೂ ಈ ಕ್ಯಾಸೆಟ್ಟುಗಳು ಊರಿನ ದನಿಯನ್ನು ಒಯ್ದವು.

ಟಿವಿ, ಎಫ್ಎಂ, ಮೊಬೈಲ್

1980ರ ದಶಕದ ನಡುವಿನಿಂದ ದೂರದರ್ಶನ ಸಂಜೆಯ ಹೊತ್ತನ್ನು ಕಸಿದುಕೊಂಡಿತು. 1987ರಲ್ಲಿ ಆರಂಭವಾದ ‘ರಾಮಾಯಣ’ ಧಾರಾವಾಹಿಯ ಭಾನುವಾರಗಳಲ್ಲಿ, ಹಿಂದೆ ರೇಡಿಯೊಗೆ ಸೇರುತ್ತಿದ್ದಂತೆಯೇ, ಟಿವಿ ಇದ್ದ ಮನೆಗೆ ಕೇರಿಯೆಲ್ಲ ಸೇರಿತು. 1990ರ ದಶಕದ ಕೇಬಲ್ ಟಿವಿಯೊಡನೆ ರೇಡಿಯೊ ರಿಪೇರಿ ಅಂಗಡಿಗಳು ಟಿವಿ ರಿಪೇರಿ ಅಂಗಡಿಗಳಾದವು. ರೇಡಿಯೊ ಉಳಿದದ್ದು ಬೆಳಗಿನ ಅಡುಗೆಮನೆಯಲ್ಲಿ, ಬೀಡಿಯ ಮೊರದ ಪಕ್ಕದಲ್ಲಿ, ದೋಣಿಯಲ್ಲಿ.

ಎಫ್ಎಂ ಅಲೆ ಈ ಸೀಮೆಗೆ ಅರ್ಧದಷ್ಟೇ ಬಂತು. ಮಂಗಳೂರು ಆಕಾಶವಾಣಿಯ ಎಫ್ಎಂ 100.3 ಮೆಗಾಹರ್ಟ್ಸ್‌ನಲ್ಲಿ ಆರಂಭವಾಯಿತು. 2007ರ ಸುಮಾರಿಗೆ ಅಲ್ಲಿ ಖಾಸಗಿ ಎಫ್ಎಂಗಳೂ ತೆರೆದವು. ಎಫ್ಎಂ ತರಂಗ ಬಹುಮಟ್ಟಿಗೆ ನೇರ ದೃಷ್ಟಿಯ ಹಾದಿಯಲ್ಲಿ ಸಾಗುತ್ತದೆ. ಮಂಗಳೂರಿನಿಂದ ಕುಂದಾಪುರ ಸುಮಾರು 90 ಕಿಲೋಮೀಟರ್, ಬೈಂದೂರು ಇನ್ನೂ 30 ಕಿಲೋಮೀಟರ್ ಆಚೆ. ಆದ್ದರಿಂದ ಮಂಗಳೂರಿನಲ್ಲಿ ಕಾರುಗಳಲ್ಲೂ ಮೊಬೈಲುಗಳಲ್ಲೂ ಎಫ್ಎಂ ಮೊಳಗುತ್ತಿದ್ದಾಗ, ಉತ್ತರದ ಈ ತಾಲ್ಲೂಕುಗಳಲ್ಲಿ ಅದು ಬಂದುಹೋಗುವ ದನಿಯಾಗಿತ್ತು. ಇಲ್ಲಿ 1089 ಕಿಲೋಹರ್ಟ್ಸ್ ಬಹುಕಾಲ ಬಳಕೆಯಲ್ಲಿ ಉಳಿಯಲು ಇದೂ ಒಂದು ಕಾರಣ. ಮೊಬೈಲ್ ಫೋನುಗಳಲ್ಲಿ ಎಫ್ಎಂ ಇತ್ತು, ಮಧ್ಯಮ ತರಂಗ ಇರಲಿಲ್ಲ. ಹಳೆಯ ಪೆಟ್ಟಿಗೆ ಕೆಟ್ಟ ಮನೆಯಲ್ಲಿ ಬ್ರಹ್ಮಾವರದ ದನಿಯೂ ನಿಂತಿತು. ಆಕಾಶವಾಣಿ ಕೇಂದ್ರಗಳನ್ನು ಅಂತರಜಾಲದಲ್ಲಿ ಕೇಳಿಸುವ ‘ನ್ಯೂಸ್ ಆನ್ ಏರ್’ ಆ್ಯಪ್ ಬಂದ ಮೇಲೆ ಆ ಕೊಂಡಿ ಬೇರೆ ರೀತಿಯಲ್ಲಿ ಕೂಡಿಕೊಂಡಿತು. ಈಗ ಊರಿನವರೂ ಪರವೂರಿನವರೂ ಒಂದೇ ಸ್ಪಷ್ಟತೆಯಲ್ಲಿ ಮಂಗಳೂರು ಕೇಂದ್ರವನ್ನು ಕೇಳಬಲ್ಲರು.

2016ರ ಬಳಿಕ ಮೊಬೈಲ್ ಡೇಟಾ ಅಗ್ಗವಾದಾಗ ಕ್ಯಾಸೆಟ್ಟಿನ ಜಾಗವನ್ನು ಯೂಟ್ಯೂಬ್ ಹಿಡಿಯಿತು. ಮೇಳಗಳ ಆಟ, ಹಳೆಯ ಕ್ಯಾಸೆಟ್ಟುಗಳಿಂದ ಎತ್ತಿದ ಧ್ವನಿಮುದ್ರಣ, ಕುಂದಾಪ್ರ ಕನ್ನಡದ ಹಾಸ್ಯ ಭಾಷಣ ಮತ್ತು ಹಾಡು ಅಲ್ಲಿ ರಾಶಿ ಬಿದ್ದವು. 2020ರ ಕೋವಿಡ್ ನಿರ್ಬಂಧಗಳಿಂದ ಮೇಳಗಳ ತಿರುಗಾಟ ಅರ್ಧಕ್ಕೆ ನಿಂತಾಗ ಯಕ್ಷಗಾನ ಅಂತರಜಾಲಕ್ಕೆ ಇನ್ನಷ್ಟು ಸರಿಯಿತು.

ಸಮುದಾಯ ಬಾನುಲಿ

ಕೇಂದ್ರ ಸರಕಾರ 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿ ನಡೆಸಲು ಅವಕಾಶ ಕೊಟ್ಟಿತು. ಕರಾವಳಿಯಲ್ಲಿ ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜಿನ ರೇಡಿಯೊ ಸಾರಂಗ್ 2009ರಲ್ಲಿ ಆರಂಭವಾಯಿತು. ಬಳಿಕ ಮಣಿಪಾಲದಲ್ಲಿ 90.4 ಮೆಗಾಹರ್ಟ್ಸ್‌ನ ರೇಡಿಯೊ ಮಣಿಪಾಲ್ ಬಂತು. ಈಚಿನ ವರ್ಷಗಳಲ್ಲಿ ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜು 89.6 ಮೆಗಾಹರ್ಟ್ಸ್‌ನಲ್ಲಿ ‘ರೇಡಿಯೊ ಕುಂದಾಪ್ರ’ವನ್ನು ತೆರೆದಿದೆ. ಸ್ಟುಡಿಯೊ, ಟ್ರಾನ್ಸ್‌ಮಿಟರ್, ಕೇಳುಗರು ಮೂರೂ ಒಂದೇ ಊರಿನಲ್ಲಿರುವ ಪ್ರಸಾರ ಈ ಸೀಮೆಗೆ ದೊರಕಿದ್ದು ಹೀಗೆ. ಆಡುನುಡಿಯಲ್ಲೇ ಇಡೀ ಕಾರ್ಯಕ್ರಮ ನಡೆಸಲು ಇದರಲ್ಲಿ ಅಡ್ಡಿಯಿಲ್ಲ. 2019ರಿಂದ ಆಸಾಡಿ ಅಮಾವಾಸ್ಯೆಯಂದು ಆಚರಿಸುತ್ತಿರುವ ವಿಶ್ವ ಕುಂದಾಪ್ರ ಕನ್ನಡ ದಿನ ಆ ನುಡಿಯ ಬಗೆಗಿನ ಹೆಮ್ಮೆಯನ್ನು ಆಗಲೇ ಹೆಚ್ಚಿಸಿತ್ತು.

ಸಮುದಾಯ ಬಾನುಲಿಗೆ ನಿಯಮದಂತೆ ಸಿಗುವುದು ಸಾಮಾನ್ಯವಾಗಿ 100 ವ್ಯಾಟ್ ಶಕ್ತಿ ಮತ್ತು 30 ಮೀಟರ್ ಎತ್ತರದ ಆಂಟೆನಾ. ವ್ಯಾಪ್ತಿ ಹತ್ತು ಹದಿನೈದು ಕಿಲೋಮೀಟರ್. ಅದು ಕುಂದಾಪುರ ಪೇಟೆಗೂ ಸುತ್ತಲಿನ ಊರುಗಳಿಗೂ ಸಾಕು. ಬೈಂದೂರು, ಕೊಲ್ಲೂರುಗಳಿಗೆ ಸಾಲದು. ಇತ್ತ ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿ ದೇಶದಾದ್ಯಂತ ಮಧ್ಯಮ ತರಂಗದ ಹಳೆಯ ಟ್ರಾನ್ಸ್‌ಮಿಟರುಗಳನ್ನು ಹಂತಹಂತವಾಗಿ ಕಡಿಮೆ ಮಾಡಿ ಎಫ್ಎಂ ಹಾಗೂ ಡಿಜಿಟಲ್ ಪ್ರಸಾರದತ್ತ ಹೊರಳುತ್ತಿದೆ. ದೂರಕ್ಕೆ ತಲುಪುವ ಕೇಂದ್ರದಲ್ಲಿ ಊರಿನ ನುಡಿ ಕಡಿಮೆ, ಊರಿನ ನುಡಿಯ ಕೇಂದ್ರ ದೂರಕ್ಕೆ ತಲುಪದು. ಬೈಂದೂರಿನ ಉತ್ತರ ಭಾಗದ ಮತ್ತು ಘಟ್ಟದ ಬುಡದ ಹಳ್ಳಿಗಳಲ್ಲಿ ಈ ಎರಡರ ನಡುವಿನ ತೆರವನ್ನು ಸದ್ಯ ತುಂಬುತ್ತಿರುವುದು ಮೊಬೈಲ್ ಜಾಲ. ಅದು ಸಿಗದ ಕಡೆ ಮಾತ್ರ ಮಧ್ಯಮ ತರಂಗದ ಪೆಟ್ಟಿಗೆಗೆ ಇನ್ನೂ ಕೆಲಸವಿದೆ.